ಸೇನೆ ಬಿಟ್ಟು ಕರೆಂಟಿನ ಕೆಲಸಕ್ಕೆ: ಕಂಬ, ಸಬ್‌ಸ್ಟೇಷನ್, ಕಂಟ್ರೋಲ್ ರೂಮ್, ನಿಮಗೆ ಯಾವುದು?

ಸೇನೆ ಬಿಟ್ಟು ಕರೆಂಟಿನ ಕೆಲಸಕ್ಕೆ ಬರಬೇಕು ಅಂದುಕೊಂಡವರು ನನ್ನನ್ನು ಮೊದಲು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ. "ನಾನು ಅಲ್ಲಿ ಸಿಗ್ನಲ್ಸ್‌ನಲ್ಲಿದ್ದೆ, ಇಲ್ಲಿ ನನಗೆ ಯಾವ ಕೆಲಸ ಹೊಂದುತ್ತದೆ?" ಸಿಗ್ನಲ್ಸ್ ಜಾಗದಲ್ಲಿ ಟ್ಯಾಂಕ್ ಇರಬಹುದು, ಹಡಗು ಇರಬಹುದು, ವಿಮಾನದ ರಿಪೇರಿ ಇರಬಹುದು. ನಾನು ತಿರುಗಿ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಸರ್ವೀಸಿನಲ್ಲಿ ಯಾವ ದಿನ ಮುಗಿದಾಗ "ಇವತ್ತು ಚೆನ್ನಾಗಿ ಕೆಲಸ ಮಾಡಿದೆ" ಅಂತ ನಿಮಗೇ ಅನ್ನಿಸುತ್ತಿತ್ತು? ತಂಡದ ಜೊತೆ ಮಳೆಯಲ್ಲಿ ನೆನೆದು ಕೆಲಸ ಮುಗಿಸಿದ ದಿನವಾ? ರಾತ್ರಿಯಿಡೀ ಸೆಟ್ಟಿನ ಮುಂದೆ ಕೂತು ಒಂದು ಸಂದೇಶವೂ ತಪ್ಪದಂತೆ ನೋಡಿಕೊಂಡ ದಿನವಾ? ಕೆಟ್ಟುನಿಂತ ಯಂತ್ರವನ್ನು ಬಿಚ್ಚಿ, ತೊಂದರೆ ಎಲ್ಲಿದೆ ಅಂತ ಒಬ್ಬರೇ ಹುಡುಕಿ ತೆಗೆದ ದಿನವಾ?

ಆ ಉತ್ತರದಲ್ಲೇ ಅರ್ಧ ದಾರಿ ಸಿಕ್ಕಿಬಿಡುತ್ತದೆ. ಈ ಕ್ಷೇತ್ರದ ಕೆಲಸಗಳು ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತವೆ, ಆದರೆ ದಿನಚರಿಯಲ್ಲಿ ಅಜಗಜಾಂತರ. ವಿಷಯವನ್ನು ಎರಡು ಮೂರು ವರ್ಷದಲ್ಲಿ ಕಲಿಯಬಹುದು. ಆ ದಿನಚರಿಯನ್ನು ಇಪ್ಪತ್ತು ವರ್ಷ ಬಾಳಬೇಕು.

ನಾನು ಸಬ್‌ಸ್ಟೇಷನ್‌ನಲ್ಲಿ ಬಹಳ ವರ್ಷ ಕಳೆದು, ಆಮೇಲೆ ಹೊಸಬರಿಗೆ ಕಲಿಸುವ ಕಡೆಗೆ ಬಂದವನು. ನನ್ನ ಹತ್ತಿರ ಕಲಿತವರಲ್ಲಿ ಮಾಜಿ ಸೈನಿಕರು ಸಾಕಷ್ಟು ಜನ. ಅವರಲ್ಲಿ ಕೆಲಸ ಬಿಟ್ಟು ಹೋದವರನ್ನು ನೆನೆಸಿಕೊಂಡರೆ, ವಿಷಯ ತಲೆಗೆ ಹತ್ತದೆ ಹೋದವರು ಒಬ್ಬರೂ ನೆನಪಾಗುವುದಿಲ್ಲ. ದಿನಚರಿ ಹೊಂದದೆ ಹೋದವರೇ ಎಲ್ಲ. ಅದಕ್ಕೇ ಇಲ್ಲಿ ಸಂಬಳಕ್ಕಿಂತ ದಿನಚರಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಟ್ರೇಡಿನ ಹೆಸರು ನೋಡಿ ಆರಿಸಬೇಡಿ

ವಾಯುಪಡೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು "ನನಗೆ ಇದೆಲ್ಲ ಗೊತ್ತು" ಅಂತ ಬರುತ್ತಾರೆ. ಗೊತ್ತಿರುವುದು ನಿಜ. ಆದರೆ ವಿಮಾನದಲ್ಲಿ ಸಾಮಾನ್ಯವಾಗಿ ಇರುವುದು 115 ವೋಲ್ಟ್, 400 ಹರ್ಟ್ಜ್. ಇಲ್ಲಿ ಗ್ರಿಡ್ ಓಡುವುದು 50 ಅಥವಾ 60 ಹರ್ಟ್ಜ್‌ನಲ್ಲಿ, ವೋಲ್ಟೇಜು ಸಾವಿರ, ಲಕ್ಷಗಳ ಲೆಕ್ಕದಲ್ಲಿ. ಅಲ್ಲಿ ತಂತಿ ಮುಟ್ಟಿದರೆ ಅಪಾಯ, ಇಲ್ಲಿ ಮುಟ್ಟುವುದೇ ಬೇಡ, ಹತ್ತಿರ ಹೋದರೇ ಸಾಕು. ಅವರ ಜೊತೆ ನಿಜವಾಗಿ ಬರುವುದು ಬೇರೆಯೇ: ಡ್ರಾಯಿಂಗ್ ಓದುವ ಅಭ್ಯಾಸ, ಟೂಲ್ ಎಣಿಸಿ ವಾಪಸ್ ಇಡುವ ಅಭ್ಯಾಸ, ಮಾಡಿದ್ದನ್ನು ಬರೆದು ಸಹಿ ಹಾಕುವ ಅಭ್ಯಾಸ. ಇವನ್ನು ಹೊಸ ಹುಡುಗರಿಗೆ ಕಲಿಸಲು ನನಗೆ ವರ್ಷಗಳು ಹಿಡಿಯುತ್ತವೆ.

ಇನ್ನೊಂದು ಕಡೆ, ಕಾಲಾಳುಪಡೆಯಿಂದ ಬಂದವರು "ನನಗೆ ಕರೆಂಟಿನ ಗಂಧಗಾಳಿಯೂ ಇಲ್ಲ" ಅಂತ ಹಿಂಜರಿಯುತ್ತಾರೆ. ನಾನು ನೋಡಿದ ಅತ್ಯುತ್ತಮ ಲೈನ್‌ಮನ್‌ಗಳಲ್ಲಿ ಇಬ್ಬರು ಅಲ್ಲಿಂದಲೇ ಬಂದವರು.

ನೇರವಾಗಿ ಹೊಂದುವ ಟ್ರೇಡುಗಳೂ ಇಲ್ಲದಿಲ್ಲ. ಅಮೆರಿಕದ ಭೂಸೇನೆಯ 249ನೇ ಎಂಜಿನಿಯರ್ ಬೆಟಾಲಿಯನ್ ಇದೆ, ದೊಡ್ಡ ಜನರೇಟರ್‌ಗಳನ್ನು ಕೊಂಡೊಯ್ದು ಕ್ಯಾಂಪಿಗೆ, ವಿಪತ್ತು ನಡೆದ ಊರಿಗೆ ಕರೆಂಟ್ ಕೊಡುವುದೇ ಅದರ ಕೆಲಸ. ಅಂಥ ಕಡೆಯಿಂದ ಬಂದವರು ಕೆಲಸದ ಅರ್ಧವನ್ನು ಆಗಲೇ ಕಲಿತಿರುತ್ತಾರೆ. ಆದರೆ ಹಾಗೆ ಬರುವವರು ಬೆರಳೆಣಿಕೆಯಷ್ಟು ಜನ. ಮಿಕ್ಕವರು ಮುಂದೆ ಓದಿ.

ಲೈನ್ ಕೆಲಸ

ಮೈಮುರಿದು ದುಡಿಯುವ ಕೆಲಸ ಇದು. ಕಂಬ, ಟವರ್, ಬಕೆಟ್ ಟ್ರಕ್, ಮಳೆ, ಗಾಳಿ. ಬಿರುಗಾಳಿ ಬೀಸಿದ ರಾತ್ರಿ ಊರೆಲ್ಲ ಮನೆಯೊಳಗಿರುವಾಗ ನೀವು ಹೊರಗಿರುತ್ತೀರಿ. ನಾಲ್ಕೈದು ಜನರ ತಂಡ, ಒಬ್ಬರ ಜೀವ ಇನ್ನೊಬ್ಬರ ಕೈಯಲ್ಲಿ. ಸೇನೆಯಲ್ಲಿ ಸೆಕ್ಷನ್ ಅಂತ ಯಾವುದನ್ನು ಕರೆಯುತ್ತೀರೋ ಅದಕ್ಕೆ ತೀರಾ ಹತ್ತಿರದ್ದು ಇಲ್ಲಿ ಲೈನ್ ತಂಡವೇ. "ಸರ್ವೀಸ್ ಬಿಟ್ಟ ಮೇಲೆ ನನ್ನ ಜನ ಯಾರೂ ಇಲ್ಲ ಅನ್ನಿಸುತ್ತದೆ" ಅನ್ನುವವರಿಗೆ ನಾನು ಕಣ್ಣುಮುಚ್ಚಿ ಹೇಳುವ ಕೆಲಸ ಇದು, ದೇಹ ಒಪ್ಪುವುದಾದರೆ.

ಇಲ್ಲಿನ ಶಿಸ್ತು ಹೇಗಿರುತ್ತದೆ ಅಂತ ಒಂದನ್ನು ಹತ್ತಿರದಿಂದ ನೋಡಿ. ಲೈನ್ ಆಫ್ ಮಾಡಿ ಎಲ್‌ಸಿ (ಲೈನ್ ಕ್ಲಿಯರ್) ತಗೊಂಡಿದ್ದೀರಿ, ಅಂದರೆ ಸಬ್‌ಸ್ಟೇಷನ್‌ನವರು ಬ್ರೇಕರ್ (ಕರೆಂಟ್ ಕಡಿಯುವ ದೊಡ್ಡ ಸ್ವಿಚ್) ತೆಗೆದು, ಐಸೊಲೇಟರ್ (ಲೈನನ್ನು ಬೇರ್ಪಡಿಸುವ ಸ್ವಿಚ್) ಬಿಚ್ಚಿ, ಬೀಗ ಹಾಕಿ, ಬೋರ್ಡ್ ತೂಗುಹಾಕಿ ನಿಮಗೆ ಕೆಲಸದ ಅನುಮತಿ ಕೊಟ್ಟಿದ್ದಾರೆ. ಅಷ್ಟಾದರೂ ಲೈನ್ ಮುಟ್ಟುವ ಹಾಗಿಲ್ಲ. ಮೊದಲು ವೋಲ್ಟೇಜ್ ಡಿಟೆಕ್ಟರ್ ಸರಿಯಿದೆಯಾ ಅಂತ ಕರೆಂಟ್ ಇರುವ ಕಡೆಯೋ ಅದರ ಟೆಸ್ಟರ್ ಮೇಲೋ ಹಿಡಿದು ನೋಡಬೇಕು. ಆಮೇಲೆ ನಿಮ್ಮ ಲೈನಿಗೆ ಹಿಡಿಯಬೇಕು. ಸದ್ದಿಲ್ಲ, ದೀಪವಿಲ್ಲ. ಆಗಲೂ ನಂಬಬಾರದು, ಡಿಟೆಕ್ಟರನ್ನು ಇನ್ನೊಮ್ಮೆ ಮೊದಲಿನ ಜಾಗಕ್ಕೆ ಹಿಡಿದು ಅದು ಈಗಲೂ ಕೂಗುತ್ತದೆ ಅಂತ ಖಾತ್ರಿ ಮಾಡಿಕೊಳ್ಳಬೇಕು, ಏಕೆಂದರೆ ನಡುವೆ ಅದರ ಬ್ಯಾಟರಿ ಸತ್ತಿದ್ದರೆ ನೀವು ನೋಡಿದ ಮೌನ ಲೈನಿನದಲ್ಲ, ಡಿಟೆಕ್ಟರಿನದು. ಇಷ್ಟಾದ ಮೇಲೆ ಅರ್ಥ್ ಮಾಡುವುದು, ಅಂದರೆ ಲೈನನ್ನು ಭೂಮಿಗೆ ಜೋಡಿಸುವುದು. ಕ್ಲಾಂಪನ್ನು ಮೊದಲು ಭೂಮಿಯ ಕಡೆಗೆ ಹಾಕಿ, ನಂತರವೇ ಕೋಲಿನಿಂದ ಲೈನಿಗೆ. ತೆಗೆಯುವಾಗ ಮೊದಲು ಲೈನಿನಿಂದ, ಕೊನೆಗೆ ಭೂಮಿಯಿಂದ. ಈ ಕ್ರಮ ತಿರುವುಮುರುವಾದರೆ ಜೀವ ಹೋಗುತ್ತದೆ. ಬಂದೂಕು ಕೈಗೆ ಬಂದ ತಕ್ಷಣ, ಕೊಟ್ಟವನು "ಖಾಲಿ ಇದೆ" ಅಂದರೂ ಚೇಂಬರ್ ತೆರೆದು ನೋಡುವ ಅಭ್ಯಾಸ ಇದ್ದವರಿಗೆ ಇದನ್ನು ಎರಡು ಸಲ ಹೇಳಬೇಕಾಗಿಲ್ಲ. ಮೊದಲ ದಿನವೇ ಅವರ ಕೈಗೆ ಅದು ಕೂತುಬಿಡುತ್ತದೆ.

ಕಲಿಯಲು ಎಷ್ಟು ಕಾಲ? ಅಮೆರಿಕದಲ್ಲಿ ಲೈನ್‌ಮನ್ ಅಪ್ರೆಂಟಿಸ್‌ಶಿಪ್ ಸಾಮಾನ್ಯವಾಗಿ ಸುಮಾರು 7,000 ಗಂಟೆಗಳ ಕೆಲಸ, ಅಂದರೆ ಮೂರೂವರೆ ನಾಲ್ಕು ವರ್ಷ. ಬೇರೆ ದೇಶಗಳಲ್ಲಿ ನಿಯಮ ಬೇರೆ, ಆದರೆ ಎಲ್ಲೇ ಆದರೂ ಇದು ತರಗತಿಯಲ್ಲಿ ಕೂತು ಮುಗಿಸುವ ಕೋರ್ಸ್ ಅಲ್ಲ. ದೊಡ್ಡ ವಾಹನದ ಡ್ರೈವಿಂಗ್ ಲೈಸೆನ್ಸ್ ಹಲವು ಕಡೆ ಕೇಳುತ್ತಾರೆ. ಸೇನೆಯಲ್ಲಿ ಟ್ರಕ್ ಓಡಿಸಿದ್ದರೆ ಆ ಲೈಸೆನ್ಸನ್ನು ನಾಗರಿಕ ಲೈಸೆನ್ಸಿಗೆ ಬದಲಾಯಿಸಿಕೊಳ್ಳುವುದನ್ನು ಮೊದಲ ಕೆಲಸವಾಗಿ ಇಟ್ಟುಕೊಳ್ಳಿ.

ಯಾರಿಗೆ ಬೇಡ? ಮಂಡಿ, ಸೊಂಟ, ಭುಜಕ್ಕೆ ಹಳೆಯ ಪೆಟ್ಟು ಇರುವವರಿಗೆ. ಇದನ್ನು ಮುಚ್ಚಿಟ್ಟು ಬರುವವರು ಇದ್ದಾರೆ, ಸೇನೆಯಲ್ಲಿ ನೋವು ನುಂಗಿ ನಡೆದೇ ಅಭ್ಯಾಸ ಅಲ್ವಾ. ಕಂಬದ ಮೇಲೆ ಅದು ನಿಮ್ಮೊಬ್ಬರ ನೋವಾಗಿ ಉಳಿಯುವುದಿಲ್ಲ. ಸಣ್ಣ ಮಕ್ಕಳಿದ್ದು, ಇಷ್ಟು ವರ್ಷ ದೂರವಿದ್ದೆ, ಇನ್ನಾದರೂ ರಾತ್ರಿ ಮನೆಯಲ್ಲಿರಬೇಕು ಅನ್ನುವವರಿಗೂ ಇದು ಕಷ್ಟ. ಚಂಡಮಾರುತ ಬಂದರೆ ವಾರಗಟ್ಟಲೆ ಬೇರೆ ಊರಿಗೆ ಕಳಿಸುತ್ತಾರೆ. ಮನೆಯವರಿಗೆ ಇದನ್ನು ಮೊದಲೇ ಹೇಳಿ.

ಸಬ್‌ಸ್ಟೇಷನ್ ಮತ್ತು ರಿಲೇ

ಇದು ನನ್ನ ಮನೆ, ಹಾಗಾಗಿ ಸ್ವಲ್ಪ ಪಕ್ಷಪಾತ ಇದ್ದೇ ಇದೆ ಅಂತ ತಿಳಿದೇ ಓದಿ.

ಸಬ್‌ಸ್ಟೇಷನ್‌ನಲ್ಲಿ ಎರಡು ಥರದ ಕೆಲಸ. ಒಂದು, ಟ್ರಾನ್ಸ್‌ಫಾರ್ಮರ್, ಬ್ರೇಕರ್, ಐಸೊಲೇಟರ್‌ಗಳ ನಿರ್ವಹಣೆ. ಎಣ್ಣೆ ತೆಗೆದು ಪರೀಕ್ಷೆಗೆ ಕಳಿಸುವುದು, ಗ್ಯಾಸ್ ಒತ್ತಡ ನೋಡುವುದು, ಬ್ರೇಕರ್ ಎಷ್ಟು ಮಿಲಿಸೆಕೆಂಡಿಗೆ ತೆರೆಯುತ್ತದೆ ಅಂತ ಅಳೆಯುವುದು. ಎರಡು, ರಿಲೇ ಪರೀಕ್ಷೆ, ಅಂದರೆ ಪ್ರೊಟೆಕ್ಷನ್. ಲೈನಿನಲ್ಲಿ ತೊಂದರೆ ಬಂದಾಗ ಅದನ್ನು ಕಂಡುಹಿಡಿದು ಬ್ರೇಕರಿಗೆ "ತೆರೆ" ಅಂತ ಹೇಳುವ ಪೆಟ್ಟಿಗೆಯೇ ರಿಲೇ. ಉದಾಹರಣೆಗೆ ಡಿಸ್ಟೆನ್ಸ್ ರಿಲೇಯ ಮೊದಲ ವಲಯವನ್ನು ಸಾಮಾನ್ಯವಾಗಿ ಲೈನಿನ ಶೇ. 80ರಷ್ಟು ಉದ್ದಕ್ಕೆ ಇಡುತ್ತಾರೆ. ಅಷ್ಟರೊಳಗೆ ಫಾಲ್ಟ್ ಆದರೆ ಕಾಯದೆ ಟ್ರಿಪ್, ಅಂದರೆ ಬ್ರೇಕರ್ ತಾನಾಗಿ ತೆರೆಯುತ್ತದೆ. ಅದರಾಚೆ ಆದರೆ ಒಂದು ಗಳಿಗೆ ತಡೆದು, ಆ ಕಡೆಯ ರಿಲೇ ಅದನ್ನು ಕ್ಲಿಯರ್ ಮಾಡದಿದ್ದರೆ ಮಾತ್ರ ಟ್ರಿಪ್. ಸೇನೆಯ ಮಾತಿನಲ್ಲಿ ಹೇಳುವುದಾದರೆ, ಯಾವ ಪೋಸ್ಟ್ ಎಷ್ಟು ದೂರಕ್ಕೆ ಹೊಣೆ, ಅದು ಕೈಕೊಟ್ಟರೆ ಹಿಂದಿನ ಪೋಸ್ಟ್ ಯಾವಾಗ ಕೈಹಾಕಬೇಕು ಅನ್ನುವ ಲೆಕ್ಕವೇ ಇದು. ಫಿರಂಗಿ ದಳದಿಂದ ಬಂದ ಒಬ್ಬರಿಗೆ ಇದನ್ನು ಕಲಿಸಲು ಒಂದು ವಾರ ಬೇಕು ಅಂದುಕೊಂಡಿದ್ದೆ. ಅವರು ಹಾಳೆಯ ಮೇಲೆ ವಲಯಗಳ ಗೆರೆ ಎಳೆದು ಮಧ್ಯಾಹ್ನದೊಳಗೆ ನನಗೇ ವಿವರಿಸಿದರು.

ಇಲ್ಲಿ ಬೇಕಾದ ಗುಣ ತಾಳ್ಮೆ. ಬರೀ ತಾಳ್ಮೆ ಅಲ್ಲ, ಕ್ರಮ ತಪ್ಪದ ತಾಳ್ಮೆ. ಕರೆಂಟ್ ಟ್ರಾನ್ಸ್‌ಫಾರ್ಮರ್, ಅಂದರೆ ಸಿಟಿ, ಅದರ ಸೆಕೆಂಡರಿ ತಂತಿಯನ್ನು ಲೋಡ್ ಇರುವಾಗ ಬಿಚ್ಚುವ ಮುಂಚೆ ಶಾರ್ಟಿಂಗ್ ಲಿಂಕ್ ಹಾಕಲೇಬೇಕು. ಮರೆತರೆ ಅಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ, ನೋಡಲು ಮಾತ್ರ ಅದು ಸಣ್ಣ ತಂತಿ. ಚೆಕ್‌ಲಿಸ್ಟ್ ಇಟ್ಟುಕೊಂಡು ಒಂದೊಂದೇ ಟಿಕ್ ಹಾಕುತ್ತಾ ಹೋಗುವುದು ನಿಮಗೆ ಬೇಸರ ತರಿಸುವುದಾದರೆ ಈ ಕಡೆ ಬರಬೇಡಿ. ಅದರಲ್ಲೇ ನೆಮ್ಮದಿ ಇದ್ದರೆ ಇದಕ್ಕಿಂತ ಒಳ್ಳೆ ಕೆಲಸ ಇಲ್ಲ.

ಕೂತು ಓದುವುದು ಜಾಸ್ತಿ ಅನ್ನುವುದೂ ನಿಜ. ಗಣಿತ, ವೆಕ್ಟರ್, ಈಗಿನ ಡಿಜಿಟಲ್ ರಿಲೇಗಳಿಗೆ ಸಾಫ್ಟ್‌ವೇರ್, ನೆಟ್‌ವರ್ಕ್. ಸಾಮಾನ್ಯವಾಗಿ ಎರಡು ಮೂರು ವರ್ಷದ ಡಿಪ್ಲೊಮಾ ಇದ್ದರೆ ಒಳಗೆ ಬರುವುದು ಸುಲಭ. ಸಿಗ್ನಲ್ಸ್, ರೇಡಾರ್, ಕ್ಷಿಪಣಿ ನಿರ್ವಹಣೆಯಿಂದ ಬಂದವರಿಗೆ ನಾನು ಮೊದಲು ತೋರಿಸುವ ಬಾಗಿಲು ಇದು. ಯಾವುದು ಅಂತ ಏನೇ ಮಾಡಿದರೂ ತೀರ್ಮಾನ ಆಗುತ್ತಿಲ್ಲ ಅನ್ನುವವರಿಗೂ ಇದನ್ನೇ ಹೇಳುತ್ತೇನೆ, ಏಕೆಂದರೆ ಇಲ್ಲಿಂದ ಕಂಟ್ರೋಲ್ ರೂಮಿಗೂ ಹೋಗಬಹುದು, ಉತ್ಪಾದನಾ ಕೇಂದ್ರಕ್ಕೂ ಹೋಗಬಹುದು, ಸೋಲಾರ್ ಪಾರ್ಕಿಗೂ ಹೋಗಬಹುದು. ಎಲ್ಲ ಕಡೆಯೂ ಬ್ರೇಕರ್ ಇದೆ, ರಿಲೇ ಇದೆ.

ಕಂಟ್ರೋಲ್ ರೂಮ್

ಹೊರಗಿನವರಿಗೆ ಇದು ಎಸಿ ಕೋಣೆಯಲ್ಲಿ ಕೂರುವ ಆರಾಮದ ಕೆಲಸ. ಒಳಗೆ ಕೂತವರಿಗೆ ಗೊತ್ತು. ಎಂಟು ಗಂಟೆಯೋ ಹನ್ನೆರಡು ಗಂಟೆಯೋ ಶಿಫ್ಟು, ಪರದೆಯ ಮೇಲೆ ಲೈನುಗಳು, ಸಂಖ್ಯೆಗಳು, ಫ್ರೀಕ್ವೆನ್ಸಿ. ಉತ್ಪಾದನೆ ಮತ್ತು ಬಳಕೆ ಪ್ರತಿ ಕ್ಷಣವೂ ಸಮ ಇರಬೇಕು, ತಪ್ಪಿದರೆ ಫ್ರೀಕ್ವೆನ್ಸಿ ಕುಸಿಯುತ್ತದೆ ಅಥವಾ ಏರುತ್ತದೆ. ಹತ್ತು ದಿನ ಏನೂ ಆಗುವುದಿಲ್ಲ. ಹನ್ನೊಂದನೇ ದಿನ ಐದು ನಿಮಿಷದಲ್ಲಿ ಎಲ್ಲವೂ ಆಗಿಬಿಡುತ್ತದೆ, ಆ ಐದು ನಿಮಿಷ ನೀವು ಎಚ್ಚರವಾಗಿರಬೇಕು. ಪಹರೆ ಮಾಡಿದವರಿಗೆ ಇದು ಹೊಸದಲ್ಲ.

ಮಾತಿನ ಶಿಸ್ತು ಕೇಳಿದರೆ ನಿಮಗೆ ಮನೆಗೆ ಬಂದ ಹಾಗೆ ಅನ್ನಿಸಬಹುದು.

"ಫೀಡರ್ ನಾಲ್ಕರ ಬ್ರೇಕರ್ ಓಪನ್ ಮಾಡಿ."

"ಫೀಡರ್ ನಾಲ್ಕರ ಬ್ರೇಕರ್ ಓಪನ್ ಮಾಡಬೇಕು."

"ಸರಿ, ಮಾಡಿ."

ಹೇಳಿದವರು ಹೇಳಬೇಕು, ಕೇಳಿದವರು ಅದೇ ಮಾತನ್ನು ತಿರುಗಿ ಹೇಳಬೇಕು, ಮೊದಲಿನವರು ಸರಿ ಅನ್ನಬೇಕು. ಉತ್ತರ ಅಮೆರಿಕದಲ್ಲಿ ಇದು ಬರೀ ಒಳ್ಳೆ ಅಭ್ಯಾಸವಲ್ಲ, ಗ್ರಿಡ್ ನಿಯಮಗಳಲ್ಲೇ ಬರೆದಿಟ್ಟಿದ್ದಾರೆ. ರೇಡಿಯೊದಲ್ಲಿ ವರ್ಷಗಟ್ಟಲೆ ಹೀಗೇ ಮಾತಾಡಿದವರು ನಮ್ಮ ಸಿಮ್ಯುಲೇಟರ್ ತರಗತಿಗೆ ಬಂದಾಗ ಉಳಿದ ಹುಡುಗರು ಅವರನ್ನು ನೋಡಿ ಕಲಿತಿದ್ದಾರೆ. ನೌಕಾಪಡೆಯಲ್ಲಿ ರೇಡಾರ್ ಪರದೆ ನೋಡುತ್ತಿದ್ದ ಒಬ್ಬ ಮಹಿಳೆ ಇದ್ದರು. ನಾನು ಬೇಕೆಂದೇ ಒಂದು ಅಲಾರಂ ನಿಲ್ಲಿಸಿದ್ದೆ. ಹತ್ತು ನಿಮಿಷ ಆಗಿರಲಿಲ್ಲ, "ಸರ್, ಇಷ್ಟು ಹೊತ್ತು ಒಂದೂ ಅಲಾರಂ ಬರದೆ ಇರುವುದು ಸರಿ ಕಾಣುತ್ತಿಲ್ಲ" ಅಂದರು.

ಈ ಒಂದು ಗುಣ ಎಷ್ಟು ದೊಡ್ಡದು ಅನ್ನುವುದಕ್ಕೆ 2003ರ ಆಗಸ್ಟ್ 14ರ ಬ್ಲ್ಯಾಕೌಟ್ ನೋಡಿ. ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಒಂಟಾರಿಯೊದಲ್ಲಿ ಸುಮಾರು 5 ಕೋಟಿ ಜನರಿಗೆ ಕರೆಂಟ್ ಹೋಯಿತು. ಒಹಾಯೊದ ಒಂದು ಕಂಟ್ರೋಲ್ ರೂಮಿನಲ್ಲಿ ಅಲಾರಂ ತೋರಿಸುವ ಸಾಫ್ಟ್‌ವೇರ್ ಕೈಕೊಟ್ಟಿತ್ತು, ಕೂತವರಿಗೆ ಅದು ಗೊತ್ತೇ ಆಗಲಿಲ್ಲ. ಲೈನುಗಳು ಬಿಸಿಯಾಗಿ ಜೋತು ಮರಕ್ಕೆ ತಾಗಿ ಒಂದೊಂದೇ ಟ್ರಿಪ್ ಆಗುತ್ತಾ ಹೋದವು. ಆಮೇಲೆ ಅಲ್ಲಿ ಗ್ರಿಡ್ ನಿಯಮಗಳನ್ನು ಕಡ್ಡಾಯ ಮಾಡಿದರು, 2007ರಿಂದ ತಪ್ಪಿದವರಿಗೆ ದಂಡ. ದೊಡ್ಡ ಗ್ರಿಡ್ ನಡೆಸುವ ಆಪರೇಟರ್‌ಗಳು ಅಲ್ಲಿನ ಗ್ರಿಡ್ ನಿಯಮಗಳನ್ನು ನೋಡಿಕೊಳ್ಳುವ ಎನ್‌ಇಆರ್‌ಸಿ ಸಂಸ್ಥೆಯ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ಪಡೆಯಬೇಕು, ಮೂರು ವರ್ಷಕ್ಕೊಮ್ಮೆ ಮರುತರಬೇತಿಯ ಗಂಟೆಗಳನ್ನು ತೋರಿಸಿ ನವೀಕರಿಸಿಕೊಳ್ಳಬೇಕು. ಆ ಪರೀಕ್ಷೆಗೆ ಎಂಜಿನಿಯರಿಂಗ್ ಡಿಗ್ರಿಯೇ ಬೇಕು ಅಂತಿಲ್ಲ. ಡಿಗ್ರಿ ಇಲ್ಲದ, ಆದರೆ ಓದಲು ತಯಾರಿರುವ ಮಾಜಿ ಸೈನಿಕರಿಗೆ ಇದು ದೊಡ್ಡ ಅವಕಾಶ.

ತೊಂದರೆ ಒಂದೇ, ನಿದ್ದೆ. ಸರ್ವೀಸಿನಿಂದಲೇ ನಿದ್ದೆಯ ತೊಂದರೆ ಹೊತ್ತು ಬಂದವರಿಗೆ ಸರದಿ ಶಿಫ್ಟ್ ಅದನ್ನು ಜಾಸ್ತಿ ಮಾಡುತ್ತದೆ. ಡಾಕ್ಟರ ಹತ್ತಿರ ಮಾತಾಡಿ, ಆಮೇಲೆ ತೀರ್ಮಾನಿಸಿ.

ಉತ್ಪಾದನಾ ಕೇಂದ್ರ

ಹಡಗಿನ ಎಂಜಿನ್ ರೂಮಿನಲ್ಲಿದ್ದವರಿಗೆ ಇದು ಹೆಚ್ಚುಕಡಿಮೆ ಅದೇ ಕೆಲಸ. ಬಾಯ್ಲರ್, ಟರ್ಬೈನ್, ಪಂಪು, ವಾಲ್ವು, ಸುತ್ತಾಡಿ ರೀಡಿಂಗ್ ಬರೆಯುವುದು, ಸದ್ದು ಬದಲಾದರೆ ಕಿವಿಯಿಂದಲೇ ಗುರುತಿಸುವುದು. ಶಿಫ್ಟ್ ಬದಲಾಗುವಾಗ ಲಾಗ್‌ಬುಕ್ ಓದಿ, ಕೇಳಿ, ಸಹಿ ಹಾಕಿ ಜವಾಬ್ದಾರಿ ತಗೊಳ್ಳುವುದು ಕೂಡ.

ಅಣುವಿದ್ಯುತ್ತಿನ ಕಥೆ ಬೇರೆ. ಅಣುಶಕ್ತಿಯಿಂದ ಓಡಿದ ಮೊದಲ ಜಲಾಂತರ್ಗಾಮಿ ನಾಟಿಲಸ್ 1954ರಲ್ಲಿ ನೀರಿಗಿಳಿಯಿತು. ಅದನ್ನು ಕಟ್ಟಿಸಿದ ಅಮೆರಿಕ ನೌಕಾಪಡೆಯ ಅಡ್ಮಿರಲ್ ಹೈಮನ್ ರಿಕೋವರ್ ಅವರ ತಂಡವೇ 1957ರಲ್ಲಿ ಶುರುವಾದ ಶಿಪ್ಪಿಂಗ್‌ಪೋರ್ಟ್ ವಿದ್ಯುತ್ ಕೇಂದ್ರದ ಹಿಂದೆಯೂ ಇತ್ತು. ಅಂದರೆ ಇವತ್ತು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಒತ್ತಡದ ನೀರಿನ ರಿಯಾಕ್ಟರ್ ಮೊದಲು ಬೆಳೆದದ್ದು ನೌಕಾಪಡೆಯಲ್ಲೇ. ಅದಕ್ಕೇ ಅಲ್ಲಿನ ಅಣು ನೌಕಾಪಡೆಯಿಂದ ವಿದ್ಯುತ್ ಕೇಂದ್ರಕ್ಕೆ ಬರುವ ದಾರಿ ಹಳೆಯದು, ಸವೆದದ್ದು. ಆದರೂ ರಿಯಾಕ್ಟರ್ ಆಪರೇಟರ್ ಲೈಸೆನ್ಸ್ ಸುಮ್ನೆ ಸಿಗುವುದಿಲ್ಲ. ಆ ಕೇಂದ್ರಕ್ಕೆಂದೇ ತರಬೇತಿ, ಬರಹದ ಪರೀಕ್ಷೆ, ಸಿಮ್ಯುಲೇಟರ್ ಪರೀಕ್ಷೆ, ವೈದ್ಯಕೀಯ ತಪಾಸಣೆ. ಅಮೆರಿಕದಲ್ಲಿ ಲೈಸೆನ್ಸಿನ ಅವಧಿ ಆರು ವರ್ಷ, ಆಮೇಲೆ ನವೀಕರಣ.

ಕಲ್ಲಿದ್ದಲು ಕೇಂದ್ರಕ್ಕೆ ಹೊಸದಾಗಿ ಸೇರುವವರಿಗೆ ಒಂದೇ ಮಾತು. ಆ ಘಟಕಕ್ಕೆ ಎಷ್ಟು ವಯಸ್ಸಾಗಿದೆ, ಯಾವಾಗ ಮುಚ್ಚುವ ಯೋಚನೆ ಇದೆ ಅಂತ ಸಂದರ್ಶನದಲ್ಲೇ ಕೇಳಿ. ಎರಡನೇ ಸಲ ಬದುಕು ಕಟ್ಟಿಕೊಳ್ಳುತ್ತಿರುವವರು ಮೂರನೇ ಸಲ ಕಟ್ಟಿಕೊಳ್ಳುವಂತಾಗಬಾರದು.

ಗಾಳಿ ಮತ್ತು ಬಿಸಿಲು

ಗಾಳಿಯಂತ್ರದ ಟೆಕ್ನಿಷಿಯನ್ ಕೆಲಸಕ್ಕೆ ಬೇಗ ಒಳಗೆ ಹೋಗಬಹುದು. 80, 100 ಮೀಟರ್ ಎತ್ತರದ ಟವರ್ ಹತ್ತಬೇಕು, ಮೇಲೆ ಗೂಡಿನಂಥ ಪುಟ್ಟ ಜಾಗದಲ್ಲಿ ಗೇರು, ಹೈಡ್ರಾಲಿಕ್ಸ್, ಕರೆಂಟು ಮೂರನ್ನೂ ನೋಡಬೇಕು. ಹಲವು ದೇಶಗಳಲ್ಲಿ ಒಪ್ಪುವ ಜಿಡಬ್ಲ್ಯೂಒ (ಗ್ಲೋಬಲ್ ವಿಂಡ್ ಆರ್ಗನೈಸೇಷನ್) ಸುರಕ್ಷತಾ ತರಬೇತಿಯಲ್ಲಿ ಪ್ರಥಮ ಚಿಕಿತ್ಸೆ, ಭಾರ ಎತ್ತುವುದು, ಬೆಂಕಿ, ಎತ್ತರದ ಕೆಲಸ, ಸಮುದ್ರದ ಕೆಲಸಕ್ಕಾದರೆ ನೀರಿನಲ್ಲಿ ಬದುಕುಳಿಯುವುದು ಇವೆಲ್ಲ ಇರುತ್ತವೆ. ಪ್ಯಾರಾಟ್ರೂಪರ್‌ಗಳಿಗೆ, ಹೆಲಿಕಾಪ್ಟರ್ ಸಿಬ್ಬಂದಿಗೆ ಇದು ನೀರು ಕುಡಿದಷ್ಟು ಸುಲಭ. ಆದರೆ ಊರೂರು ಅಲೆಯಬೇಕು.

ಸೋಲಾರ್ ಅಳವಡಿಕೆ ಎಲ್ಲಕ್ಕಿಂತ ಬೇಗ ಕಲಿಯುವಂಥದ್ದು. ಕೆಲವು ವಾರ ಸಾಕು. ಅಮೆರಿಕದ ಇಂಧನ ಇಲಾಖೆ 2014ರಲ್ಲಿ ಸೇನೆ ಬಿಡುವವರಿಗಾಗಿಯೇ ಸೋಲಾರ್ ರೆಡಿ ವೆಟ್ಸ್ ಅಂತ ಒಂದು ತರಬೇತಿ ಶುರುಮಾಡಿತ್ತು. ನನ್ನ ಅಭಿಪ್ರಾಯ ಕೇಳಿದರೆ, ಬರೀ ಪ್ಯಾನೆಲ್ ಕೂರಿಸುವ ಕೆಲಸಕ್ಕೆ ನಿಂತುಬಿಡಬೇಡಿ. ಬೇಗ ಸಿಗುವ ಕೆಲಸ ಬೇಗ ಕೈಬಿಟ್ಟೂ ಹೋಗುತ್ತದೆ. ಇನ್ವರ್ಟರ್, ಬ್ಯಾಟರಿ, ಗ್ರಿಡ್ ಜೋಡಣೆಯ ಕಡೆಗೆ ಒಂದೇ ವರ್ಷದಲ್ಲಿ ಹೆಜ್ಜೆ ಇಡಿ.

ಕಲಿಯುವ ದಾರಿ ಯಾವುದು?

ಕೆಲಸ ಆರಿಸಿದ ಮೇಲೆ ದಾರಿ ಆರಿಸಬೇಕು. ತುಂಬ ಜನ ಇದನ್ನು ತಿರುವುಮುರುವು ಮಾಡುತ್ತಾರೆ, ಯಾವುದೋ ಕೋರ್ಸಿನ ಜಾಹೀರಾತು ನೋಡಿ ಸೇರಿ, ಆಮೇಲೆ ಕೆಲಸ ಹುಡುಕುತ್ತಾರೆ.

ಅಪ್ರೆಂಟಿಸ್‌ಶಿಪ್ಪಿನಲ್ಲಿ ಮೊದಲ ದಿನದಿಂದ ಸಂಬಳ ಬರುತ್ತದೆ, ಆದರೆ ಕಡಿಮೆ. ಪಿಂಚಣಿ ಬರುವವರಿಗೆ ಆ ಕಡಿಮೆ ಸಂಬಳದ ವರ್ಷಗಳನ್ನು ದಾಟುವುದು ಸುಲಭ. ನಾಲ್ಕೈದು ವರ್ಷ ಸೇವೆ ಮಾಡಿ ಪಿಂಚಣಿ ಇಲ್ಲದೆ ಬಂದವರಿಗೆ ಇದು ದೊಡ್ಡ ಪ್ರಶ್ನೆ. ಅಮೆರಿಕದ ಜಿಐ ಬಿಲ್, ಅಂದರೆ ಮಾಜಿ ಸೈನಿಕರ ಕಲಿಕೆಗೆ ನೆರವು ಕೊಡುವ ಕಾನೂನು, ಇದಕ್ಕೆ ಒಂದು ಜಾಣ ಉತ್ತರ ಕೊಟ್ಟಿದೆ. ಅಪ್ರೆಂಟಿಸ್ ಆಗಿರುವ ಮಾಜಿ ಸೈನಿಕರಿಗೆ ಸಂಬಳದ ಜೊತೆ ಮನೆ ಬಾಡಿಗೆಯ ಭತ್ಯೆ ಸಿಗುತ್ತದೆ: ಪೂರ್ತಿ ಅರ್ಹತೆ ಇದ್ದವರಿಗೆ ಮೊದಲ ಆರು ತಿಂಗಳು ಶೇ. 100, ಮುಂದಿನ ಆರು ತಿಂಗಳು ಶೇ. 80, ಆಮೇಲೆ ಶೇ. 60, 40, 20. ಕೆಲಸ ಕಲಿತು ಸಂಬಳ ಏರಿದಂತೆ ಭತ್ಯೆ ಇಳಿಯುತ್ತದೆ. ಇದು ಇದೆ ಅಂತಲೇ ಗೊತ್ತಿಲ್ಲದೆ, ಜಿಐ ಬಿಲ್ ಅಂದರೆ ಕಾಲೇಜಿಗೆ ಮಾತ್ರ ಅಂದುಕೊಂಡವರು ಬೇಕಾದಷ್ಟು ಜನ.

ಡಿಪ್ಲೊಮಾ ಅಥವಾ ಎರಡು ವರ್ಷದ ಕಾಲೇಜು ರಿಲೇ, ಕಂಟ್ರೋಲ್, ಉತ್ಪಾದನೆಯ ಕಡೆಗೆ ಹೋಗುವವರಿಗೆ. ಲೈನ್ ಕೆಲಸಕ್ಕೆ ಇದು ಬೇಕಾಗಿಲ್ಲ, ಅದಕ್ಕೆ ಹಣ ಸುರಿಯಬೇಡಿ.

ಸೇವೆಯಲ್ಲಿರುವಾಗಲೇ ಕಲಿಯುವ ದಾರಿ ಸಿಕ್ಕರೆ ಬಿಡಲೇಬೇಡಿ. ಅಮೆರಿಕದ ಸ್ಕಿಲ್‌ಬ್ರಿಡ್ಜ್‌ನಲ್ಲಿ ಸೇವೆಯ ಕೊನೆಯ ಗರಿಷ್ಠ 180 ದಿನಗಳನ್ನು ಕಂಪನಿಯೊಂದರಲ್ಲಿ ಕಲಿಯುತ್ತಾ ಕಳೆಯಬಹುದು, ಸೇನೆಯ ಸಂಬಳವೇ ಬರುತ್ತಿರುತ್ತದೆ, ಮೇಲಧಿಕಾರಿ ಒಪ್ಪಬೇಕು ಅಷ್ಟೇ. ಬ್ರಿಟನ್ನಿನಲ್ಲಿ ಕರಿಯರ್ ಟ್ರಾನ್ಸಿಷನ್ ಪಾರ್ಟ್‌ನರ್‌ಶಿಪ್, ಭಾರತದಲ್ಲಿ ಪುನರ್ವಸತಿ ಮಹಾನಿರ್ದೇಶನಾಲಯ ಸೇವೆ ಮುಗಿಯುವ ಮುಂಚೆಯೇ ಕೋರ್ಸುಗಳನ್ನು ಕೊಡಿಸುತ್ತವೆ. ವಿದ್ಯುತ್ ಕ್ಷೇತ್ರಕ್ಕೆಂದೇ ಅಮೆರಿಕದಲ್ಲಿ ಟ್ರೂಪ್ಸ್ ಟು ಎನರ್ಜಿ ಜಾಬ್ಸ್ ಇದೆ, ಕಟ್ಟಡ ಮತ್ತು ವಿದ್ಯುತ್ ಕಸುಬುಗಳ ಅಪ್ರೆಂಟಿಸ್‌ಶಿಪ್ಪಿಗೆ ಸೇರಿಸುವ ಹೆಲ್ಮೆಟ್ಸ್ ಟು ಹಾರ್ಡ್‌ಹ್ಯಾಟ್ಸ್ ಇದೆ. ಕೊನೆಯ ವರ್ಷದಲ್ಲಿ ಅಲ್ಲ, ಅದಕ್ಕಿಂತ ಒಂದು ವರ್ಷ ಮೊದಲೇ ವಿಚಾರಿಸಲು ಶುರುಮಾಡಿ.

ಉಳಿದದ್ದು ಖಾಸಗಿ ಕಿರು ಕೋರ್ಸುಗಳು. ಒಳ್ಳೆಯವೂ ಇವೆ. ಆದರೆ ನಿವೃತ್ತಿಯ ಇಡುಗಂಟು ಕೈಯಲ್ಲಿರುವವರನ್ನೇ ಹುಡುಕಿ ಬರುವವರೂ ಇದ್ದಾರೆ. ನನ್ನ ಹತ್ತಿರ ಬಂದ ಒಬ್ಬರು ಅಂಥ ಒಂದು ಕಡೆ ಎಂಟು ವಾರ ಕಳೆದಿದ್ದರು. ಚಂದದ ಸರ್ಟಿಫಿಕೇಟ್ ಇತ್ತು. ಆ ಎಂಟು ವಾರದಲ್ಲಿ ಕಂಬ ಹತ್ತಿದ್ದು ಎಷ್ಟು ಸಲ ಅಂತ ಕೇಳಿದೆ. ಎರಡು ಸಲ. ಅವರ ಮುಖ ನೋಡಿ ನನಗೆ ತುಂಬ ನೋವಾಯಿತು. ದುಡ್ಡು ಕಟ್ಟುವ ಮುಂಚೆ ಇಷ್ಟು ಕೇಳಿ: ತರಬೇತಿ ಅಂಗಳದಲ್ಲಿ ಕೈಯಾರೆ ಮಾಡುವುದು ಎಷ್ಟು ಗಂಟೆ? ಹಿಂದಿನ ಬ್ಯಾಚಿನವರು ಈಗ ಯಾವ ಕಂಪನಿಯಲ್ಲಿದ್ದಾರೆ, ಅವರಲ್ಲಿ ಇಬ್ಬರ ಜೊತೆ ಮಾತಾಡಬಹುದಾ? ಈ ಸರ್ಟಿಫಿಕೇಟನ್ನು ಲೈಸೆನ್ಸ್ ಕೊಡುವವರು ಒಪ್ಪುತ್ತಾರಾ? ಮೂರರಲ್ಲಿ ಒಂದಕ್ಕೆ ತಡವರಿಸಿದರೂ ಎದ್ದು ಬನ್ನಿ.

ಮೊದಲ ವರ್ಷದಲ್ಲಿ ಕಷ್ಟ ಎಲ್ಲಿ

ಎಲ್ಲ ಕೆಲಸಕ್ಕೂ ಸಮಾನವಾದ ಮೂರು ಮಾತು ಇವೆ, ಇವನ್ನು ಯಾವ ಬ್ರೋಷರಿನಲ್ಲೂ ಬರೆಯುವುದಿಲ್ಲ.

ನಿಮ್ಮ ರ್‍ಯಾಂಕ್ ಇಲ್ಲಿಗೆ ಬರುವುದಿಲ್ಲ. ಮೂವತ್ತು ಜನರನ್ನು ನಡೆಸಿದವರು ಇಪ್ಪತ್ತಾರು ವರ್ಷದ ಹುಡುಗನಿಂದ ಸೂಚನೆ ತಗೊಳ್ಳಬೇಕಾಗುತ್ತದೆ. ಒಂದು ಕಡೆ ಹಿರಿಯ ಹವಾಲ್ದಾರರೊಬ್ಬರಿಗೆ ಆರು ತಿಂಗಳು ಬರೀ ಸ್ಟೋರಿನಿಂದ ಸಾಮಾನು ತರುವ ಕೆಲಸ ಕೊಟ್ಟಿದ್ದನ್ನು ನೋಡಿದ್ದೇನೆ. ಅದು ತಪ್ಪು, ಆ ಕಂಪನಿಯ ತಪ್ಪು. ಆದರೆ ಒಂದೆರಡು ವರ್ಷದಲ್ಲಿ ತಂಡಕ್ಕೆ ಮುಂದಾಳು ಬೇಕಾದಾಗ ಎಲ್ಲರ ಕಣ್ಣು ಅವರ ಕಡೆಗೇ ಹೋಯಿತು.

ಎರಡನೆಯದು ಜೀವದ ಪ್ರಶ್ನೆ. ಸೇನೆಯಲ್ಲಿ ಕೆಲಸ ಮುಗಿಸಿಯೇ ಬರಬೇಕು. ಇಲ್ಲಿ ಅನುಮಾನ ಬಂದರೆ ಕೆಲಸ ನಿಲ್ಲಿಸಲೇಬೇಕು. ತಂಡದಲ್ಲಿ ಅತಿ ಕಿರಿಯವರಿಗೂ "ನಿಲ್ಲಿಸಿ" ಅನ್ನುವ ಹಕ್ಕಿದೆ, ಅಂದ ಮೇಲೆ ಯಾರೂ ಬೈಯುವ ಹಾಗಿಲ್ಲ. ಆರ್ಕ್ ಫ್ಲ್ಯಾಶ್, ಅಂದರೆ ಕರೆಂಟ್ ಗಾಳಿಯಲ್ಲೇ ಜಿಗಿದು ಸಿಡಿಯುವುದು, ಆದರೆ ಅದರ ಬಿಸಿ ಸೂರ್ಯನ ಮೇಲ್ಮೈಗಿಂತ ಜಾಸ್ತಿ, ಧೈರ್ಯ ಅದರ ಮುಂದೆ ಏನೂ ಮಾಡುವುದಿಲ್ಲ. ಈ ಒಂದು ತಿರುವು ಮಾಜಿ ಸೈನಿಕರಿಗೆ ಉಳಿದವರಿಗಿಂತ ಕಷ್ಟ, ಅದನ್ನು ಅವರೇ ನನಗೆ ಹೇಳಿದ್ದಾರೆ. ಹಾಗಾಗಿ ಕಂಪನಿ ಆರಿಸುವಾಗ ಸಂದರ್ಶನದಲ್ಲಿ ಕೇಳಿ: "ಹೋದ ವರ್ಷ ಇಲ್ಲಿ ಯಾರಾದರೂ ಕೆಲಸ ನಿಲ್ಲಿಸಿದ್ದರಾ? ಆಮೇಲೆ ಏನಾಯಿತು?" ಉತ್ತರ ಕೊಡುವವರ ಮುಖ ನೋಡಿ.

ಇನ್ನೊಂದು, ಸದ್ದು. ದೊಡ್ಡ ಬ್ರೇಕರ್ ಟ್ರಿಪ್ ಆದಾಗ ಗುಂಡು ಹೊಡೆದ ಹಾಗೆ ಕೇಳುತ್ತದೆ, ಹಳೆಯ ಗಾಳಿ ಒತ್ತಡದ ಬ್ರೇಕರುಗಳಂತೂ ಕೇಳುವುದೇ ಬೇಡ. ನಮ್ಮ ಸಬ್‌ಸ್ಟೇಷನ್ ಅಂಗಳದಲ್ಲಿ ಒಮ್ಮೆ ಹೀಗಾದಾಗ ನನ್ನ ಪಕ್ಕದಲ್ಲಿ ನಿಂತಿದ್ದವರು ಒಂದೇ ಕ್ಷಣದಲ್ಲಿ ನೆಲದ ಮೇಲಿದ್ದರು. ಎದ್ದು, ಮಣ್ಣು ಕೊಡವಿಕೊಂಡು, ಏನೂ ಮಾತಾಡಲಿಲ್ಲ. ನಾನೂ ಏನೂ ಕೇಳಲಿಲ್ಲ, ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತೆ. ಅಂದಿನಿಂದ ಟ್ರಿಪ್ ಪರೀಕ್ಷೆ ಮಾಡುವ ಮುಂಚೆ ಎಲ್ಲರಿಗೂ ಜೋರಾಗಿ ಹೇಳಿಯೇ ಮಾಡುತ್ತೇನೆ. ಇದು ನಿಮಗೆ ಇದ್ದರೆ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಶಿಫ್ಟ್ ಎಂಜಿನಿಯರಿಗೆ ಒಂದು ಮಾತು ಹೇಳಿಡಿ. ಬೇಕಾದರೆ ಕಂಟ್ರೋಲ್ ರೂಮ್ ಅಥವಾ ರಿಲೇ ಪ್ಯಾನೆಲ್ ಕಡೆ ಆರಿಸಿಕೊಳ್ಳಿ, ಅಲ್ಲಿ ಸದ್ದು ಕಡಿಮೆ.

ಹೊರಡುವ ಮುಂಚೆ ಕಾಗದ

ನಿಮ್ಮ ಎಲ್ಲ ತರಬೇತಿ ದಾಖಲೆ, ಕೋರ್ಸಿನ ಹೆಸರು, ಎಷ್ಟು ಗಂಟೆ, ಯಾವ ಯಂತ್ರ, ಡ್ರೈವಿಂಗ್ ದಾಖಲೆ, ವೈದ್ಯಕೀಯ ಕಡತ, ಎಲ್ಲದರ ಪ್ರತಿಯನ್ನು ಯೂನಿಟ್ ಬಿಡುವ ಮುಂಚೆ ಕೈಗೆ ತಗೊಳ್ಳಿ. ಅಮೆರಿಕದ ಭೂಸೇನೆ, ನೌಕಾಪಡೆಯವರಾದರೆ ಜಾಯಿಂಟ್ ಸರ್ವಿಸಸ್ ಟ್ರಾನ್ಸ್‌ಕ್ರಿಪ್ಟ್ ಅಂತ ಒಂದು ದಾಖಲೆ ಸಿಗುತ್ತದೆ, ಅದನ್ನು ತೋರಿಸಿದರೆ ಕೆಲವು ಕಾಲೇಜುಗಳು ಒಂದಷ್ಟು ವಿಷಯಗಳಿಗೆ ವಿನಾಯಿತಿ ಕೊಡುತ್ತವೆ. ಆಮೇಲೆ ಆ ದಾಖಲೆಗಳನ್ನು ನಾಗರಿಕರ ಭಾಷೆಗೆ ಬದಲಾಯಿಸಿ ಬರೆಯಿರಿ. "ಇಎಂಇ ವರ್ಕ್‌ಶಾಪಿನಲ್ಲಿ ಸೇವೆ" ಅಂದರೆ ಕಂಪನಿಯ ಎಚ್‌ಆರ್‌ಗೆ ಏನೂ ಅರ್ಥವಾಗುವುದಿಲ್ಲ. "ಹನ್ನೆರಡು ಡೀಸೆಲ್ ಜನರೇಟರ್‌ಗಳ ನಿರ್ವಹಣೆ, ಒಂದೊಂದು ಇಷ್ಟು ಕೆವಿಎ, ಕೈಕೆಳಗೆ ಆರು ಜನ, ನಾಲ್ಕು ವರ್ಷ, ಒಂದು ಅಪಘಾತವೂ ಇಲ್ಲ" ಅಂತ ಬರೆದರೆ ಓದಿದವರು ಫೋನ್ ಎತ್ತಿಕೊಳ್ಳುತ್ತಾರೆ. ಬರೆದಾದ ಮೇಲೆ ಸೇನೆಗೂ ಕರೆಂಟಿಗೂ ಸಂಬಂಧವಿಲ್ಲದ ಒಬ್ಬರಿಗೆ ಓದಲು ಕೊಡಿ. ಅವರಿಗೆ ಅರ್ಥವಾಗದ ಪದಕ್ಕೆಲ್ಲ ಗೆರೆ ಎಳೆಯಲು ಹೇಳಿ, ಅಷ್ಟನ್ನೂ ಬಿಡಿಸಿ ಮತ್ತೆ ಬರೆಯಿರಿ.